ಯುಕೆಯಿಂದ ಸ್ವಂತ ಕಾರು ಚಿಕ್ಕಮಗಳೂರಿಗೆ ತರೋದು: ವಯಸ್ಸು, ಸುಂಕ, ಕೆಎ-18 ರಿಜಿಸ್ಟ್ರೇಷನ್

ಮೂಡಿಗೆರೆ_ಮಳೆ

ಎಲ್ಲರಿಗೂ ನಮಸ್ಕಾರ. ಅಕ್ಕ, ಭಾವ 2026ರ ಡಿಸೆಂಬರ್‌ಗೆ ಇಂಗ್ಲೆಂಡ್ ಬಿಟ್ಟು ಕಾಯಂ ಆಗಿ ಊರಿಗೆ ಬರ್ತಿದ್ದಾರೆ. ಅವರ ಹತ್ರ ಟೊಯೊಟಾ ರಾವ್4 ಹೈಬ್ರಿಡ್ ಇದೆ. 2.5 ಲೀಟರ್ ಪೆಟ್ರೋಲ್, ಬಲಗಡೆ ಸ್ಟೀರಿಂಗ್, 2024ರ ಮಾರ್ಚ್‌ನಲ್ಲಿ ಹೊಸದಾಗಿ ತಗೊಂಡಿದ್ದು. ಅಕ್ಕನಿಗೆ ಆ ಗಾಡಿ ಮೇಲೆ ತುಂಬಾ ಪ್ರೀತಿ, ಬಿಟ್ಟು ಬರೋಕೆ ಮನಸ್ಸಿಲ್ಲ. ಎರಡು ವರ್ಷಕ್ಕಿಂತ ಜಾಸ್ತಿ ಹೊರಗಿದ್ದು ಬಂದ್ರೆ ಕಾರಿಗೆ ಸುಂಕ ಇಲ್ಲ ಅಂತ ಕೆಲವರು ಹೇಳ್ತಾರೆ, ನಿಜವಾ? ಮಂಗಳೂರು ಬಂದರಿಗೆ ತರಿಸಿದ್ರೆ ಚಾರ್ಮಾಡಿ ಹತ್ತಿಸಿ ಮನೆಗೇ ತರಬಹುದಲ್ವಾ? ಒಟ್ಟು ಖರ್ಚು ಎಷ್ಟಾಗುತ್ತೆ, ಇಲ್ಲಿ ರಿಜಿಸ್ಟ್ರೇಷನ್ ಹೇಗೆ, ತಿಳಿದವರು ದಯವಿಟ್ಟು ಹೇಳಿ.

ಬಂದರು_ಕಡತ

ಸುಂಕ ಇಲ್ಲ ಅನ್ನೋ ಮಾತನ್ನ ಮೊದಲು ತಲೆಯಿಂದ ತೆಗೆದುಹಾಕಿ. ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್ ಅಂತ ಮನೆ ಸಾಮಾನಿಗೆ ಸಿಗೋ ರಿಯಾಯಿತಿ ಬ್ಯಾಗೇಜ್ ನಿಯಮದಲ್ಲಿ ಬರೋದು. ಮೋಟಾರು ವಾಹನ ಬ್ಯಾಗೇಜ್ ಅಲ್ಲವೇ ಅಲ್ಲ. ಕಾಯಂ ಆಗಿ ವಾಪಸ್ ಬರೋರಿಗೆ ಸಿಗೋದು ತರೋಕೆ ಅನುಮತಿ ಮಾತ್ರ: ಬರೋ ಮುಂಚೆ ಎರಡು ವರ್ಷ ಸತತವಾಗಿ ಹೊರಗಿರಬೇಕು, ಕಾರು ಕನಿಷ್ಠ ಒಂದು ವರ್ಷ ಅವರ ಸ್ವಾಧೀನದಲ್ಲಿ ಅಲ್ಲೇ ಇದ್ದಿರಬೇಕು, ಒಬ್ಬರಿಗೆ ಒಂದು ಕಾರು. ಸುಂಕ ಪೂರ್ತಿ ಕಟ್ಟಲೇಬೇಕು.

ಮಂಗಳೂರು ಆಗಲ್ಲ. ಬಳಸಿದ ವಾಹನಕ್ಕೆ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದ್ರೆ ಡಿಜಿಎಫ್‌ಟಿ ನೀತಿಯಲ್ಲಿ ಇರೋ ಬಂದರು ಮುಂಬೈ ಒಂದೇ. ಹೊಸ ಕಾರಿಗೆ ಚೆನ್ನೈ, ಕೊಚ್ಚಿ, ಕೋಲ್ಕತ್ತ ಎಲ್ಲ ಇವೆ, ಅದನ್ನ ನೋಡಿ ಏಜೆಂಟರು ಗೊಂದಲ ಮಾಡ್ತಾರೆ. ಬೇರೆ ಬಂದರಿಗೆ ಗಾಡಿ ಬಂದು ಇಳಿದ್ರೆ ಅಲ್ಲೇ ತಡೆದು ನಿಲ್ಲಿಸ್ತಾರೆ, ಬಾಡಿಗೆ ಓಡ್ತಾ ಇರುತ್ತೆ.

ಇವೆರಡಕ್ಕಿಂತ ದೊಡ್ಡ ವಿಷಯ ಕಾರಿನ ವಯಸ್ಸು. ತಯಾರಾದ ದಿನದಿಂದ ಮೂರು ವರ್ಷ ದಾಟಿರಬಾರದು. ರಿಜಿಸ್ಟರ್ ಆದ ದಿನದಿಂದ ಅಲ್ಲ, ತಯಾರಾದ ದಿನದಿಂದ. ನೀವು ಬರೆದಿರೋ 2024ರ ಮಾರ್ಚ್ ರಿಜಿಸ್ಟ್ರೇಷನ್ ತಿಂಗಳು. ಇಂಗ್ಲೆಂಡಲ್ಲಿ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ನಂಬರ್ ಪ್ಲೇಟಿನ ಸರಣಿ ಬದಲಾಗುತ್ತೆ, ಹೊಸ ಪ್ಲೇಟ್ ಬೇಕು ಅಂತ ಜನ ಕಾಯ್ತಾರೆ, ಡೀಲರುಗಳು ಮುಂಚೆನೇ ತರಿಸಿ ಇಟ್ಕೊಂಡಿರ್ತಾರೆ. ಅದೂ ರಾವ್4 ಜಪಾನಿನಲ್ಲಿ ತಯಾರಾಗಿ ಹಡಗಲ್ಲಿ ಇಂಗ್ಲೆಂಡಿಗೆ ಹೋಗೋ ಗಾಡಿ. 2023ರ ಕೊನೆಯಲ್ಲಿ ಫ್ಯಾಕ್ಟರಿ ಬಿಟ್ಟಿರೋ ಸಾಧ್ಯತೆ ಹೆಚ್ಚು. ಹಾಗಿದ್ರೆ ಡಿಸೆಂಬರ್ 2026ಕ್ಕೆ ಮೂರು ವರ್ಷ ಮುಗಿದೇ ಹೋಗಿರುತ್ತೆ. ಮೊದಲು ಈ ಒಂದು ದಿನಾಂಕ ಗೊತ್ತು ಮಾಡ್ಕೊಳ್ಳಿ. ಉಳಿದ ಲೆಕ್ಕವೆಲ್ಲ ಆಮೇಲೆ.

ಮೂಡಿಗೆರೆ_ಮಳೆ

ಇದು ಗೊತ್ತೇ ಇರಲಿಲ್ಲ ಸರ್. ಭಾವನ ಹತ್ರ ಇರೋ, ಅಲ್ಲಿನ ಆರ್‌ಸಿ ಥರದ ಲಾಗ್‌ಬುಕ್ಕಲ್ಲಿ ಮೊದಲ ರಿಜಿಸ್ಟ್ರೇಷನ್ ದಿನಾಂಕ ಮಾತ್ರ ಇದೆಯಂತೆ. ತಯಾರಾದ ತಿಂಗಳು ಎಲ್ಲಿ ಸಿಗುತ್ತೆ?

ಸ್ಪ್ಯಾನರ್_ಸಕಲೇಶಪುರ

ಚಾಸಿ ನಂಬರಿನ ಹತ್ತನೇ ಅಕ್ಷರ ನೋಡಿ ಅಂತ ಇಂಟರ್ನೆಟ್ಟಲ್ಲಿ ಎಲ್ರೂ ಹೇಳ್ತಾರೆ. ಅಮೆರಿಕದ ಗಾಡಿಗಳಿಗೆ ಅದು ಸರಿ. ಯುರೋಪಿಗೆ ಹೋಗೋ ಎಷ್ಟೋ ಕಾರುಗಳಲ್ಲಿ ಆ ಜಾಗದಲ್ಲಿ ವರ್ಷ ಇರೋದೇ ಇಲ್ಲ, ಅಲ್ಲಿ ಅದು ಕಡ್ಡಾಯ ಅಲ್ಲ. ಅದನ್ನ ನಂಬಿ ಹಡಗು ಹತ್ತಿಸಬೇಡಿ.

ಅಂದಾಜಿಗೆ: ಡ್ರೈವರ್ ಸೀಟ್ ಬೆಲ್ಟ್ ಪೂರ್ತಿ ಎಳೆದ್ರೆ ಕೆಳಗಡೆ ತುದಿಯಲ್ಲಿ ಬಟ್ಟೆ ಚೀಟಿ ಹೊಲಿದಿರುತ್ತೆ, ಅದರಲ್ಲಿ ಬೆಲ್ಟ್ ತಯಾರಾದ ದಿನಾಂಕ ಇರುತ್ತೆ. ನಾಲ್ಕೂ ಬಾಗಿಲ ಗಾಜಿನ ಮೂಲೆಯಲ್ಲಿ ವರ್ಷದ ಗುರುತು ಇರುತ್ತೆ. ಕಾರು ತಯಾರಾಗೋದು ಇವೆರಡರ ನಂತರ, ಸಾಮಾನ್ಯವಾಗಿ ಕೆಲವೇ ವಾರ. ಬೆಲ್ಟ್ ಮೇಲೆ 2023ರ ಅಕ್ಟೋಬರ್ ಅಂತ ಇದ್ರೆ ಕಾರು 2024ರದ್ದು ಅನ್ನೋ ಆಸೆ ಬಿಡಿ.

ಬಂದರು_ಕಡತ

ಸ್ಪ್ಯಾನರ್ ಅಣ್ಣ ಹೇಳಿದ್ದು ನಿಮ್ಮ ಸಮಾಧಾನಕ್ಕೆ ಸಾಕು, ಕಸ್ಟಮ್ಸ್‌ಗೆ ಸಾಕಾಗಲ್ಲ. ಕಂಪನಿಯ ಯುಕೆ ಕಸ್ಟಮರ್ ಕೇರ್‌ಗೆ ಚಾಸಿ ನಂಬರ್ ಕೊಟ್ಟು ತಯಾರಿಕೆ ದಿನಾಂಕದ ಪತ್ರ ಲೆಟರ್‌ಹೆಡ್ಡಲ್ಲಿ ಕೇಳಿ. ಆ ಪತ್ರ ಕಡತದಲ್ಲಿ ಮೊದಲ ಹಾಳೆಯಾಗಿ ಇರಬೇಕು.

ಇನ್ನೊಂದು ಈಗಲೇ ವಿಚಾರಿಸಿ: ಕಾರು ಪೂರ್ತಿ ದುಡ್ಡು ಕೊಟ್ಟು ತಗೊಂಡಿದ್ದಾ, ಪಿಸಿಪಿ ಫೈನಾನ್ಸಾ? ಅಲ್ಲಿ ತುಂಬಾ ಜನ ತಿಂಗಳ ಕಂತಿನ ಪಿಸಿಪಿಯಲ್ಲಿ ಓಡಿಸ್ತಾರೆ. ಕಂತು ಮುಗಿದು ಕೊನೆಯ ದೊಡ್ಡ ಮೊತ್ತ ಕಟ್ಟೋವರೆಗೆ ಕಾರು ಫೈನಾನ್ಸ್ ಕಂಪನಿದು. ಲಾಗ್‌ಬುಕ್ ವಿ5ಸಿಯಲ್ಲಿ ನಿಮ್ಮ ಭಾವನ ಹೆಸರು ಇದ್ರೂ ಅದು ‘ರಿಜಿಸ್ಟರ್ಡ್ ಕೀಪರ್’ ಅಂತ, ಮಾಲೀಕ ಅಂತಲ್ಲ. ಮಾಲೀಕತ್ವದ ದಾಖಲೆ ಅಲ್ಲ ಅಂತ ಅದರ ಮೇಲೇ ಅಚ್ಚಾಗಿರುತ್ತೆ. ಖರೀದಿ ಇನ್ವಾಯ್ಸ್, ದುಡ್ಡು ಹೋದ ಬ್ಯಾಂಕ್ ಸ್ಟೇಟ್‌ಮೆಂಟ್, ಫೈನಾನ್ಸ್ ಇದ್ರೆ ಸಾಲ ತೀರಿದ ಪತ್ರ, ಒಂದು ವರ್ಷದ ಇನ್ಶೂರೆನ್ಸ್ ಅವರ ಹೆಸರಲ್ಲಿ: ಇಷ್ಟು ಒಟ್ಟಿಗಿರಲಿ. ಹೊರಡೋವಾಗ ವಿ5ಸಿಯ ಶಾಶ್ವತ ರಫ್ತು ಭಾಗ ಹರಿದು ಡಿವಿಎಲ್ಎಗೆ (ಅಲ್ಲಿನ ವಾಹನ ನೋಂದಣಿ ಇಲಾಖೆ) ಕಳಿಸಿ, ಉಳಿದ ಪುಸ್ತಕ ಕಾರಿನ ಜೊತೆ ಬರಬೇಕು. ಪುಸ್ತಕ ಪೂರ್ತಿ ಅವರಿಗೇ ಕಳಿಸಿಬಿಟ್ರೆ ಇಲ್ಲಿ ಆರ್‌ಟಿಒ ಮುಂದೆ ತೋರಿಸೋಕೆ ಮೂಲ ದಾಖಲೆ ಇರಲ್ಲ.

ಲೆಕ್ಕ_ಹಾಸನ

ಖರ್ಚು ಕೇಳಿದ್ರಲ್ಲ, ಬಿಡಿಸಿ ಬರೀತೀನಿ. ಯಾರೂ ಬಾಯಿಮಾತಲ್ಲಿ ‘ಒಂದಕ್ಕೆ ಒಂದೂವರೆ’ ಅಂತ ಹೇಳಿದ್ರೆ ಕೇಳಬೇಡಿ.

ಮೊದಲು ಬೆಲೆ ನಿರ್ಧಾರ. ಬಳಸಿದ ಸ್ವಂತ ಕಾರಿಗೆ ಕಸ್ಟಮ್ಸ್ ಸಾಮಾನ್ಯವಾಗಿ ಹೊಸದಿದ್ದಾಗಿನ ಬೆಲೆಯಿಂದ ಸವಕಳಿ ಕಳೀತಾರೆ. ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇ 4, ಎರಡನೇ ವರ್ಷ ಶೇ 3, ಮೂರನೇ ವರ್ಷ ಶೇ 2.5, ಆಮೇಲೆ ಶೇ 2, ಎಲ್ಲ ಸೇರಿ ಶೇ 70 ದಾಟಲ್ಲ. ಎರಡೂವರೆ ವರ್ಷದ ಕಾರಿಗೆ 16 + 12 + 5 = ಶೇ 33. ಹೊಸ ಬೆಲೆ ಲೆಕ್ಕದ ಅನುಕೂಲಕ್ಕೆ 30 ಲಕ್ಷ ಅಂತ ಇಟ್ಕೊಳ್ಳಿ, ಉಳಿಯೋದು 20.10 ಲಕ್ಷ. ಹಡಗಿನ ಬಾಡಿಗೆ, ವಿಮೆ ಸೇರಿ 1.90 ಲಕ್ಷ ಅನ್ನಿ, ಒಟ್ಟು 22 ಲಕ್ಷ. ಬಾಡಿಗೆಗೆ ರಸೀದಿ ಇಲ್ಲದಿದ್ರೆ ಕಾರಿನ ಬೆಲೆಯ ಶೇ 20ರಷ್ಟು ಅವರೇ ಸೇರಿಸ್ತಾರೆ, ವಿಮೆಗೆ ಶೇ 1.125. ಆದ್ರಿಂದ ಬಾಡಿಗೆ ಬಿಲ್ ಜೋಪಾನ.

ಈಗ ಸುಂಕ. 2025ರ ಬಜೆಟ್‌ನಲ್ಲಿ ಮೂಲ ಸುಂಕ ಶೇ 125ರಿಂದ ಶೇ 70ಕ್ಕೆ ಇಳಿಯಿತು ಅಂತ ಪತ್ರಿಕೆಯಲ್ಲಿ ಬಂತು, ತುಂಬಾ ಜನ ಖುಷಿಪಟ್ರು. ಬಳಸಿದ ಕಾರಿಗೆ ಅದರ ಪಕ್ಕದಲ್ಲೇ ಶೇ 67.5 ಕೃಷಿ ಮೂಲಸೌಕರ್ಯ ಸೆಸ್ ಬಂದು ಕೂತಿದೆ. ಎರಡೂ ಸೇರಿ ಶೇ 137.5. ಹಿಂದೆ ಶೇ 125ರ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್ ಸೇರಿದಾಗಲೂ ಇಷ್ಟೇ ಆಗ್ತಿತ್ತು.

22 ಲಕ್ಷಕ್ಕೆ ಮೂಲ ಸುಂಕ 15.40 ಲಕ್ಷ, ಸೆಸ್ 14.85 ಲಕ್ಷ. ಮೂರೂ ಸೇರಿ 52.25 ಲಕ್ಷ. ಇದರ ಮೇಲೆ ಆಮದಿಗೆ ಹಾಕೋ ಜಿಎಸ್‌ಟಿ, ಅಂದ್ರೆ ಐಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರಿಗೆ ಶೇ 40, ಅಂದ್ರೆ 20.90 ಲಕ್ಷ. ಬಂದರಿನಿಂದ ಹೊರಗೆ ಬರೋ ಹೊತ್ತಿಗೆ 73.15 ಲಕ್ಷ. ಸರ್ಕಾರಕ್ಕೆ ಕಟ್ಟಿದ್ದೇ 51.15 ಲಕ್ಷ, ಕಾರಿನ ಬೆಲೆಯ ಎರಡು ಪಟ್ಟಿಗಿಂತ ಜಾಸ್ತಿ.

ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸ್ ಶೇ 18. ಆಮದು ಗಾಡಿಗೆ ಸುಂಕ ಸೇರಿದ ಬೆಲೆಯ ಮೇಲೆ ಲೆಕ್ಕ. ಪೂರ್ತಿ ಹಿಡಿದ್ರೆ 13.17 ಲಕ್ಷ, ಅದರ ಮೇಲೆ ಸ್ವಲ್ಪ ಸೆಸ್. ಒಟ್ಟು 86 ಲಕ್ಷ ದಾಟ್ತು. ಕ್ಲಿಯರಿಂಗ್ ಏಜೆಂಟ್, ಬಂದರು ಬಾಡಿಗೆ, ಪರೀಕ್ಷೆ, ಮುಂಬೈಯಿಂದ ಟ್ರಕ್, ಇನ್ಶೂರೆನ್ಸ್ ಬೇರೆ. ಆ ದುಡ್ಡಿಗೆ ಇಲ್ಲಿ ಶೋರೂಮಿನಲ್ಲಿ ಹೊಸ ಕ್ಯಾಮ್ರಿ ಹೈಬ್ರಿಡ್ ತಗೊಂಡು ಇನ್ನೂ ಕೈಯಲ್ಲಿ ದುಡ್ಡು ಉಳಿಯುತ್ತೆ.

ತೋಟದ_ಗೇಟು

ಇನ್ವಾಯ್ಸಲ್ಲಿ ಬೆಲೆ ಕಮ್ಮಿ ತೋರಿಸಿದ್ರೆ? ಭಾವನೇ ನೆಂಟರಿಗೆ 8 ಲಕ್ಷಕ್ಕೆ ಮಾರಿದ ಹಾಗೆ ಕಾಗದ ಮಾಡಬಹುದಲ್ಲ.

ಬಂದರು_ಕಡತ

ಮಾಡಬೇಡಿ, ಮತ್ತೆ ಈ ಸಲಹೆ ಯಾರಿಗೂ ಕೊಡಬೇಡಿ. ಒಂದು, ಲೆಕ್ಕದವರು ಹೇಳಿದ ಹಾಗೆ ಹೊಸ ಬೆಲೆಯಿಂದ ಸವಕಳಿ ಕಳೆಯೋದ್ರಿಂದ ನಿಮ್ಮ 8 ಲಕ್ಷದ ಕಾಗದವನ್ನ ಪಕ್ಕಕ್ಕೆ ಇಡ್ತಾರೆ. ಆ ಮಾಡೆಲ್‌ಗೆ ಯಾವ ವರ್ಷ ಎಷ್ಟು ಬೆಲೆ ಇತ್ತು ಅನ್ನೋ ಪುಸ್ತಕ, ವೆಬ್‌ಸೈಟು ಎಲ್ಲ ಅವರ ಮೇಜಿನ ಮೇಲಿದೆ. ಎರಡು, ಅದು ತಪ್ಪು ಘೋಷಣೆ. ಕಸ್ಟಮ್ಸ್ ಕಾಯ್ದೆಯ 111ನೇ ಸೆಕ್ಷನ್ ಅಡಿ ಗಾಡಿ ಜಪ್ತಿಗೆ ಬರುತ್ತೆ, 112ರಲ್ಲಿ ದಂಡ, 125ರಲ್ಲಿ ಬಿಡಿಸಿಕೊಳ್ಳೋಕೆ ಬೇರೆ ಮೊತ್ತ. ಮೂರು, ನೆಂಟರ ಹೆಸರಿಗೆ ಹೋದ ಕ್ಷಣ ಭಾವನ ಒಂದು ವರ್ಷದ ಸ್ವಾಧೀನ ಮುರಿದು ಬೀಳುತ್ತೆ, ತರೋ ಅರ್ಹತೆಯೇ ಹೋಗುತ್ತೆ.

ಬೆಲೆ ಬಗ್ಗೆ ನಿಜವಾಗಿ ತಕರಾರಿದ್ರೆ ಪ್ರೊವಿಷನಲ್ ಅಸೆಸ್‌ಮೆಂಟ್ ಕೇಳಿ. ಬಾಂಡ್ ಬರೆದುಕೊಟ್ಟು, ಅವರು ಕೇಳಿದ ಭದ್ರತೆ ಇಟ್ಟು ಗಾಡಿ ಬಿಡಿಸ್ಕೊಂಡು ಆಮೇಲೆ ವಾದ ಮಾಡಬಹುದು. ಅದು ಕಾನೂನಿನ ದಾರಿ.

ಹಳೆಬೀಡು_ರಸ್ತೆ

ದುಬೈಯಲ್ಲಿ ಇರೋ ತಮ್ಮನ ಕಾರಿಗೂ ಇದೇ ಲೆಕ್ಕನಾ ಸರ್? ಅಲ್ಲಿ ಬೆಲೆ ಕಮ್ಮಿ.

ಬಂದರು_ಕಡತ

ದುಬೈ, ದೋಹಾ, ಮಸ್ಕತ್, ಕುವೈತ್, ಸೌದಿ ಎಲ್ಲ ಎಡಗಡೆ ಸ್ಟೀರಿಂಗ್. ನೀತಿಯಲ್ಲಿ ಬಲಗಡೆ ಸ್ಟೀರಿಂಗ್ ಮತ್ತು ಕಂಟ್ರೋಲು ಇರಬೇಕು ಅಂತಿದೆ, ಅಲ್ಲಿಗೆ ಮುಗೀತು. ಸ್ಟೀರಿಂಗ್ ಬದಲಾಯಿಸಿ ತರ್ತೀವಿ ಅನ್ನೋರ ಹತ್ರ ಹೋಗಬೇಡಿ: ರ್‍ಯಾಕ್, ಪೆಡಲ್, ಡ್ಯಾಶ್, ವೈಪರ್, ಏರ್‌ಬ್ಯಾಗ್ ವೈರಿಂಗ್ ಎಲ್ಲ ಬಿಚ್ಚಿದ ಗಾಡಿ ಯಾವ ಪರೀಕ್ಷೆಯಲ್ಲೂ ನಿಲ್ಲಲ್ಲ. ಬಲಗಡೆ ಸ್ಟೀರಿಂಗ್ ಸಿಗೋದು ಯುಕೆ, ಐರ್ಲೆಂಡ್, ಜಪಾನ್, ಸಿಂಗಪುರ, ಮಲೇಷ್ಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಕಡೆ.

ರಜೆಗೆ ಬಂದು ಕೆಲವು ತಿಂಗಳು ಓಡಿಸಿ ವಾಪಸ್ ಒಯ್ಯೋದಾದ್ರೆ ಕಾರ್ನೆ ಅಂತ ಬೇರೆ ವ್ಯವಸ್ಥೆ ಇದೆ, ಅಲ್ಲಿನ ಆಟೊಮೊಬೈಲ್ ಕ್ಲಬ್ ಕೊಡುತ್ತೆ. ಆರು ತಿಂಗಳೊಳಗೆ ಗಾಡಿ ದೇಶ ಬಿಡಬೇಕು, ಇಲ್ಲಿ ಮಾರೋ ಹಾಗಿಲ್ಲ.

ಕಡೂರು_ಕ್ರಾಸ್

ಇಷ್ಟೆಲ್ಲ ಯಾಕೆ? ಲ್ಯಾಂಡ್ ಕ್ರೂಸರ್, ಪ್ರಾಡೊ ಬೇರೆ ರಾಜ್ಯದ ರಿಜಿಸ್ಟ್ರೇಷನ್ನಲ್ಲಿ 15ರಿಂದ 20 ಲಕ್ಷಕ್ಕೆ ಓಡಾಡ್ತಿವೆ. ಆರ್‌ಸಿ ಇದೆ, ಎನ್ಒಸಿ ತಂದು ಕೆಎ-18 ಮಾಡಿಸ್ಕೊಡ್ತೀವಿ ಅಂತಾರೆ. ಘಟ್ಟದ ತೋಟಕ್ಕೆ ಅದಕ್ಕಿಂತ ಗಾಡಿ ಬೇಕಾ?

ಹಾಸನ_13

ಗಾಡಿ ಒಳ್ಳೇದೇ ಗೌಡ್ರೆ, ಕಾಗದ ಎಲ್ಲಿಂದ ಬಂತು ಅನ್ನೋದು ಪ್ರಶ್ನೆ. 2025ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು ‘ಆಪರೇಷನ್ ನುಂಖೋರ್’ ಅಂತ ಕೇರಳದ ಉದ್ದಗಲಕ್ಕೆ ಹುಡುಕಾಟ ನಡೆಸಿ ಗಾಡಿಗಳನ್ನ ವಶಪಡಿಸ್ಕೊಂಡ್ರು. ಭೂತಾನದಿಂದ ಸುಂಕ ಕಟ್ಟದೆ ಒಳಗೆ ತಂದು, ನಕಲಿ ದಾಖಲೆ ಮೇಲೆ ಬೇರೆ ರಾಜ್ಯಗಳಲ್ಲಿ ರಿಜಿಸ್ಟರ್ ಮಾಡಿಸಿ ಮಾರಿದ ಆರೋಪ. ಅದರಲ್ಲಿ ಲ್ಯಾಂಡ್ ಕ್ರೂಸರ್‌ಗಳೇ ಮುಖ್ಯವಾಗಿದ್ವು. ಕಳ್ಳದಾರಿಯಲ್ಲಿ ತಂದೋನು ಎಲ್ಲೋ ಇರ್ತಾನೆ, ಗಾಡಿ ಹೋಗೋದು ದುಡ್ಡು ಕೊಟ್ಟು ಮನೆ ಮುಂದೆ ನಿಲ್ಲಿಸ್ಕೊಂಡೋನ ಅಂಗಳದಿಂದ. ಆರ್‌ಸಿ ಇರೋದು ಸುಂಕ ಕಟ್ಟಿದ್ದಕ್ಕೆ ಸಾಕ್ಷಿ ಅಲ್ಲ.

ಆಮದು ಗಾಡಿ ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಬಿಲ್ ಆಫ್ ಎಂಟ್ರಿ ಕೇಳಿ, ಅಂದ್ರೆ ಆಮದು ಮಾಡೋವಾಗ ಕಸ್ಟಮ್ಸ್‌ಗೆ ಸಲ್ಲಿಸಿದ ಘೋಷಣೆ ಪತ್ರ. ನಂಬರ್, ದಿನಾಂಕ, ಬಂದರಿನ ಕೋಡ್ ಹಾಕಿದ್ರೆ ಕಸ್ಟಮ್ಸ್‌ನ ಐಸ್‌ಗೇಟ್ ವೆಬ್‌ಸೈಟಲ್ಲಿ ಅದರ ಸ್ಥಿತಿ ಕಾಣುತ್ತೆ. ಅದರಲ್ಲಿರೋ ಚಾಸಿ ನಂಬರ್ ಗಾಡಿ ಮೇಲೆ ಕೊರೆದದ್ದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಸುಂಕ ಕಟ್ಟಿದ ಚಲನ್ ನೋಡಿ. ಆಮೇಲೆ ಒಂದು ಸರಳ ಲೆಕ್ಕ: 2010ರಲ್ಲಿ ತಯಾರಾದ ಪ್ರಾಡೊ, ಬಳಸಿದ ಗಾಡಿಯಾಗಿ 2016ರಲ್ಲಿ ಆಮದಾಯ್ತು ಅಂತ ಕಾಗದ ಹೇಳಿದ್ರೆ, ಮೂರು ವರ್ಷದ ನಿಯಮದಲ್ಲಿ ಅದು ಹೇಗೆ ಒಳಗೆ ಬಂತು? ರಾಯಭಾರ ಕಚೇರಿಯದ್ದು, ಸೇನೆಯ ಹರಾಜಿನದ್ದು ಅಂತ ಕಥೆ ಹೇಳಿದ್ರೆ ಆ ಹರಾಜಿನ ಮೂಲ ಪತ್ರ ಕೇಳಿ, ಕೊಟ್ಟ ಕಚೇರಿಗೇ ಬರೆದು ಖಚಿತ ಮಾಡ್ಕೊಳ್ಳಿ. ಮಾರೋನು ಅದಕ್ಕೆ ಅವಸರ ಮಾಡಿದ್ರೆ ಎದ್ದು ಬನ್ನಿ.

ತೋಟದ_ಗೇಟು

ತೋಟದ ಬೇಲಿ ಒಳಗೆ ಮಾತ್ರ ಓಡಿಸ್ತೀನಿ, ರಸ್ತೆಗೆ ಇಳಿಸಲ್ಲ, ರಿಜಿಸ್ಟ್ರೇಷನ್ನೇ ಬೇಡ ಅಂದ್ರೆ ವಯಸ್ಸಿನ ನಿಯಮ ತಪ್ಪುತ್ತಾ?

ಬಂದರು_ಕಡತ

ತಪ್ಪಲ್ಲ. ಆ ನಿಯಮ ಇರೋದು ಆಮದಿನ ಮೇಲೆ, ಬಂದರಿನಲ್ಲೇ ಅನ್ವಯ. ಆಮೇಲೆ ಎಲ್ಲಿ ಓಡಿಸ್ತೀರಿ ಅನ್ನೋದನ್ನ ಯಾರೂ ಕೇಳಲ್ಲ.

ಮುಂದಿನ ಪ್ರಶ್ನೆ ಯಾರಾದ್ರೂ ಕೇಳ್ತೀರಿ ಅಂತ ಈಗಲೇ ಹೇಳ್ತೀನಿ: ಬಿಚ್ಚಿ ಬಿಡಿ ಭಾಗವಾಗಿ ತಂದು ಇಲ್ಲಿ ಜೋಡಿಸೋದೂ ಆಗಲ್ಲ. ಬಿಚ್ಚಿದ ಗಾಡಿಯನ್ನೂ ಸುಂಕದ ವರ್ಗೀಕರಣದಲ್ಲಿ ಪೂರ್ತಿ ಗಾಡಿ ಅಂತಲೇ ನೋಡ್ತಾರೆ. ಹಳೇ ಎಂಜಿನ್, ಗೇರ್‌ಬಾಕ್ಸ್, ಜಪಾನಿನ ‘ಹಾಫ್ ಕಟ್’ (ಅರ್ಧಕ್ಕೆ ಕತ್ತರಿಸಿದ ಗಾಡಿ) ಇವೆಲ್ಲ ಬಳಸಿದ ವಸ್ತುಗಳ ನಿರ್ಬಂಧದಲ್ಲಿ ಬರ್ತವೆ, ಡಿಜಿಎಫ್‌ಟಿ ಲೈಸೆನ್ಸ್ ಇಲ್ಲದೆ ತರೋ ಹಾಗಿಲ್ಲ. ಹೊಸ ಸ್ಪೇರ್ ಪಾರ್ಟ್ ಸುಂಕ ಕಟ್ಟಿ ತರಿಸಬಹುದು, ಅದಕ್ಕೆ ಅಡ್ಡಿಯಿಲ್ಲ.

ಎಸ್ಟೇಟ್_ಜೀಪು

ನನ್ನದು ಸ್ವಲ್ಪ ಬೇರೆ ವಿಷಯ. 1960ರ ದಶಕದ ಲ್ಯಾಂಡ್ ರೋವರ್ ಸೀರೀಸ್ ಇಂಗ್ಲೆಂಡಿನಿಂದ ತರೋ ಸಾಧ್ಯತೆ ಇದೆಯಾ? ನಮ್ಮ ಕಡೆಯ ತೋಟಗಳಲ್ಲಿ ಹಿಂದೆ ಇದ್ದ ಗಾಡಿಗಳು, ಈಗ ಪೂರ್ತಿ ಸ್ಥಿತಿಯಲ್ಲಿ ಸಿಗೋದೇ ಕಷ್ಟ.

ಹಾಸನ_13

ಇದೆ. ಮೊದಲು 1950ಕ್ಕಿಂತ ಮುಂಚಿನ ಗಾಡಿಗೆ ಮಾತ್ರ ದಾರಿಯಿತ್ತು. 2025ರಲ್ಲಿ 50 ವರ್ಷ ದಾಟಿದ ವಿಂಟೇಜ್ ವಾಹನಕ್ಕೆ ಅದನ್ನ ವಿಸ್ತರಿಸಿದ್ರು, ವರ್ಷ ಉರುಳಿದಂತೆ ಮಿತಿಯೂ ಮುಂದಕ್ಕೆ ಹೋಗುತ್ತೆ. ಸುಂಕದಲ್ಲಿ ರಿಯಾಯಿತಿ ಅಂತ ಭಾವಿಸಬೇಡಿ.

ರಿಜಿಸ್ಟ್ರೇಷನ್ 2021ರ ಜುಲೈನಲ್ಲಿ ಬಂದ ಕೇಂದ್ರದ ವಿಂಟೇಜ್ ನಿಯಮದಲ್ಲಿ. ನಂಬರ್ ಕೆಎ ಆದ ಮೇಲೆ ವಿಎ ಅಂತ ಬರುತ್ತೆ, ಹೊಸ ರಿಜಿಸ್ಟ್ರೇಷನ್‌ಗೆ 20,000 ರೂಪಾಯಿ, 10 ವರ್ಷ ಸಿಂಧು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಲ್ಯಾಂಡ್ ರೋವರ್ ಕೊಳ್ಳೋವಾಗ ಇದೇ ದೊಡ್ಡ ತೊಡಕು, ಯಾಕಂದ್ರೆ ಹಳೇ ಸೀರೀಸ್ ಗಾಡಿಗಳಿಗೆ ಬೇರೆ ಎಂಜಿನ್, ಹೊಸ ಗ್ಯಾಲ್ವನೈಸ್ಡ್ ಚಾಸಿ ಹಾಕೋದು ಅಲ್ಲಿ ಮಾಮೂಲು. ಅಂಥದ್ದು ನೋಡೋಕೆ ಚೆನ್ನ, ಇಲ್ಲಿ ನಿಯಮಕ್ಕೆ ಸಿಕ್ಕಿಹಾಕಿಕೊಳ್ಳುತ್ತೆ. ಮತ್ತೆ ಈ ನಂಬರಿನ ಗಾಡಿಯನ್ನ ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸೋ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ಮಾತ್ರ. ಹೋಂ ಸ್ಟೇ ಅತಿಥಿಗಳನ್ನ ಮುಳ್ಳಯ್ಯನಗಿರಿಗೆ ಕರ್ಕೊಂಡು ಹೋಗೋಕೆ ಅಂತ ಯೋಚನೆ ಇದ್ರೆ ಬಿಟ್ಟುಬಿಡಿ.

ಮೂಡಿಗೆರೆ_ಮಳೆ

ತುಂಬಾ ಉಪಕಾರ ಆಯ್ತು. ಕಂಪನಿ ಪತ್ರಕ್ಕೆ ಭಾವ ಬರೆದಿದ್ದಾರೆ. ಫೈನಾನ್ಸ್ ಇಲ್ಲ, ಪೂರ್ತಿ ಕಟ್ಟಿದ ಕಾರು. ದುಡ್ಡಿನ ಲೆಕ್ಕ ನೋಡಿ ಅಕ್ಕ ಸುಮ್ಮನಾದ್ರು, ಆದ್ರೂ ಪೂರ್ತಿ ತಿಳಿದುಕೊಂಡೇ ತೀರ್ಮಾನ ಮಾಡೋಣ ಅಂತಿದ್ದಾರೆ. ಬಂದರಲ್ಲಿ ಕ್ರಮ ಏನು, ಗಾಡಿ ಇಲ್ಲಿ ಬಂದ ಮೇಲೆ ತೊಂದರೆ ಏನು?

ಬಂದರು_ಕಡತ

ಹಡಗು ಹತ್ತಿಸೋ ಮುಂಚೆ, ಭಾರತ ಸರ್ಕಾರ ಮಾನ್ಯ ಮಾಡಿದ ಪರೀಕ್ಷಾ ಸಂಸ್ಥೆಯಿಂದ ಪ್ರಮಾಣಪತ್ರ ಬೇಕು: ಗಾಡಿ ಮೋಟಾರು ವಾಹನ ಕಾಯ್ದೆ ಮತ್ತು ಕೇಂದ್ರ ನಿಯಮಗಳಿಗೆ ಹೊಂದುತ್ತೆ ಅಂತ. ಹಡಗಿಗೆ ಸ್ವಲ್ಪ ಮುಂಚೆ ಮಾಡಿಸಿದ್ದಾಗಿರಬೇಕು, ಹಳೇ ಪತ್ರ ನಡೆಯಲ್ಲ. ಆಮದಾದ ದಿನದಿಂದ ಐದು ವರ್ಷ ರಸ್ತೆಯೋಗ್ಯವಾಗಿ ಇರುತ್ತೆ, ಸರ್ವಿಸ್ ಸೌಲಭ್ಯ ಇಲ್ಲಿ ಸಿಗುತ್ತೆ ಅನ್ನೋ ಘೋಷಣೆಯೂ ಕೊಡಬೇಕು. ಇಲ್ಲಿ ಇಳಿದ ಮೇಲೆ, ಕಸ್ಟಮ್ಸ್ ಬಿಡೋ ಮುಂಚೆ ಪುಣೆಯ ಎಆರ್‌ಎಐ ಅಥವಾ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ವಿಆರ್‌ಡಿಇಯಂಥ ಸಂಸ್ಥೆಯ ಪರೀಕ್ಷೆ. ದಿನ ತಿನ್ನೋದು ಈ ಹಂತವೇ, ಆದ್ರಿಂದ ಹಡಗು ಹೊರಟ ದಿನವೇ ಏಜೆಂಟ್ ಅಲ್ಲಿ ಮಾತಾಡಿರಬೇಕು.

ಸ್ಪೀಡೋಮೀಟರ್ ಕಿಲೋಮೀಟರ್‌ನಲ್ಲಿ ತೋರಿಸಬೇಕು. ಇಂಗ್ಲೆಂಡಿನ ಗಾಡಿ ಮೈಲಿಯದ್ದು. ಡಿಜಿಟಲ್ ಪರದೆ ಆದ್ರೆ ಸೆಟ್ಟಿಂಗಲ್ಲಿ ಬದಲಾಗುತ್ತೆ, ಮುಳ್ಳಿನ ಮೀಟರ್ ಆದ್ರೆ ಒಳವೃತ್ತದ ಸಣ್ಣ ಅಂಕಿಗಳು ಸಾಕಾಗುತ್ತಾ ಅನ್ನೋದನ್ನ ಪರೀಕ್ಷಾ ಸಂಸ್ಥೆಯವರನ್ನ ಮೊದಲೇ ಕೇಳಿ. ಹೆಡ್‌ಲೈಟ್ ತೊಂದರೆ ಇಲ್ಲ, ಅಲ್ಲೂ ಎಡಬದಿಯ ಸಂಚಾರ.

ಒಂದೇ ಕಾರಿಗೆ 20 ಅಡಿ ಕಂಟೇನರ್ ಸಾಕು, ಒಳಗೆ ಸುಮಾರು 5.9 ಮೀಟರ್ ಉದ್ದ, 2.35 ಮೀಟರ್ ಅಗಲ. ಟ್ಯಾಂಕಲ್ಲಿ ಕಾಲುಭಾಗಕ್ಕಿಂತ ಕಡಿಮೆ ಪೆಟ್ರೋಲ್, ಬ್ಯಾಟರಿ ಕಳಚಿರಲಿ. ಡಿಕ್ಕಿಯಲ್ಲಿ ಪಾತ್ರೆ, ಬಟ್ಟೆ, ಮಕ್ಕಳ ಸೈಕಲ್ ತುಂಬಬೇಡಿ, ಘೋಷಣೆಯಲ್ಲಿ ಇಲ್ಲದ ಒಂದು ಡಬ್ಬ ಸಿಕ್ರೂ ಪೂರ್ತಿ ತಪಾಸಣೆಗೆ ಎಳೀತಾರೆ. ಸಾಗಣೆ ವಿಮೆ ‘ಆಲ್ ರಿಸ್ಕ್’ ಇರಲಿ, ಪೂರ್ತಿ ನಷ್ಟಕ್ಕೆ ಮಾತ್ರ ಕೊಡೋ ಅಗ್ಗದ ವಿಮೆ ಗೀರಿಗೂ ತಗ್ಗಿಗೂ ಕೊಡಲ್ಲ.

ಬಿಲ್ ಆಫ್ ಎಂಟ್ರಿ ಹಡಗು ಬರೋ ಹಿಂದಿನ ದಿನದೊಳಗೆ ಸಲ್ಲಿಕೆ ಆಗಿರಬೇಕು. ತಡವಾದ್ರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಸುಂಕ ಕಟ್ಟೋದು ತಡವಾದ್ರೆ ವರ್ಷಕ್ಕೆ ಶೇ 15 ಬಡ್ಡಿ. ಐವತ್ತು ಲಕ್ಷದ ಮೇಲೆ ಅದು ತಿಂಗಳಿಗೆ ಅರವತ್ತು ಸಾವಿರ ದಾಟುತ್ತೆ, ಆದ್ರಿಂದ ದುಡ್ಡು ಮೊದಲೇ ಖಾತೆಯಲ್ಲಿ ರೆಡಿ ಇರಲಿ. ಇಳಿದು 30 ದಿನದಲ್ಲಿ ಬಿಡಿಸಿಕೊಳ್ಳದ ಸರಕನ್ನ ಮಾರೋಕೆ ಕಾನೂನಲ್ಲಿ ಅವಕಾಶ ಇದೆ. ಕಂಟೇನರ್ ಡಿಟೆನ್ಷನ್ (ಕಂಟೇನರ್ ತಡವಾಗಿ ವಾಪಸ್ ಮಾಡಿದ್ದಕ್ಕೆ) ಮತ್ತು ಬಂದರಿನ ಡಿಮರೇಜ್ (ಬಂದರಲ್ಲಿ ಸರಕು ಹೆಚ್ಚು ದಿನ ಬಿಟ್ಟಿದ್ದಕ್ಕೆ) ಎರಡು ಬೇರೆ ಬೇರೆ ಬಿಲ್ ಅನ್ನೋದೂ ನೆನಪಿರಲಿ, ಒಂದು ಹಡಗು ಕಂಪನಿಗೆ, ಇನ್ನೊಂದು ಬಂದರಿಗೆ.

ಸ್ಪ್ಯಾನರ್_ಸಕಲೇಶಪುರ

ಮೆಕ್ಯಾನಿಕ್ ಕಡೆಯಿಂದ ನಾಲ್ಕು ಮಾತು.

ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ. ಕೆಳಗಿನಿಂದ ಲಿಫ್ಟ್ ಮೇಲೆ ನೋಡ್ಬೇಕು: ಹಿಂದಿನ ಸಬ್‌ಫ್ರೇಮಿನ ಬೆಸುಗೆ, ಬ್ರೇಕ್ ಪೈಪಿನ ಕ್ಲಿಪ್ ಕೂತ ಜಾಗ, ಜಾಕ್ ಇಡೋ ಅಂಚು. ಅಲ್ಲಿ ಶುರುವಾದ ತುಕ್ಕು ನಮ್ಮ ಮಳೆಗಾಲದಲ್ಲಿ ಇನ್ನೂ ಬೇಗ ತಿನ್ನುತ್ತೆ. ಹೊರಡೋ ಮುಂಚೆ ಒತ್ತಡದ ನೀರಲ್ಲಿ ತಳ ಪೂರ್ತಿ ತೊಳೆದು ಒಣಗಿಸಿ, ಆಮೇಲೇ ಕೋಟಿಂಗ್. ಉಪ್ಪಿನ ಮೇಲೆ ಕೋಟಿಂಗ್ ಹೊಡೆದ್ರೆ ತುಕ್ಕನ್ನ ಒಳಗೇ ಮುಚ್ಚಿಟ್ಟ ಹಾಗೆ.

ಎಸಿ ಬಗ್ಗೆ ಬಹಳ ಎಚ್ಚರ. ಯುರೋಪಿನ ಈಗಿನ ಕಾರುಗಳಲ್ಲಿ ಆರ್-1234ವೈಎಫ್ ಗ್ಯಾಸ್. ನಮ್ಮ ಕಡೆ ಎಸಿ ಅಂಗಡಿಗಳಲ್ಲಿ ಇರೋದು ಹೆಚ್ಚಾಗಿ ಆರ್-134ಎ. ಎರಡನ್ನೂ ಬೆರೆಸೋ ಹಾಗಿಲ್ಲ. ಅದಕ್ಕಿಂತ ಮುಖ್ಯ, ಹೈಬ್ರಿಡ್‌ನ ಕಂಪ್ರೆಸರ್ ಹೈ ವೋಲ್ಟೇಜ್ ಕರೆಂಟಲ್ಲಿ ಓಡುತ್ತೆ, ಅದಕ್ಕೆ ಪಿಒಇ ಜಾತಿಯ ಎಣ್ಣೆ, ಎನ್‌ಡಿ-11 ಬೇಕು. ಸಾಮಾನ್ಯ ಗಾಡಿಯ ಪಿಎಜಿ ಎಣ್ಣೆ ಸ್ವಲ್ಪ ಸೇರಿದ್ರೂ ಒಳಗಿನ ಇನ್ಸುಲೇಷನ್ ಕೆಡುತ್ತೆ, ಕರೆಂಟ್ ಲೀಕ್ ಅಂತ ಎಚ್ಚರಿಕೆ ದೀಪ ಬಂದು ಗಾಡಿ ಸ್ಟಾರ್ಟೇ ಆಗದೆ ನಿಲ್ಲಬಹುದು. ಗ್ಯಾಸ್ ತುಂಬೋ ಮಷೀನಿನ ಪೈಪಲ್ಲಿ ಉಳಿದ ಎಣ್ಣೆಯೇ ಸಾಕು ಇಷ್ಟು ಅನಾಹುತಕ್ಕೆ.

ಎಂಜಿನ್ ವಿಷಯದಲ್ಲಿ ಅದೃಷ್ಟ ಇದೆ. ಇದರ 2,487 ಸಿಸಿ ಎಂಜಿನ್ ಇಲ್ಲಿ ಮಾರಾಟವಾಗೋ ಕ್ಯಾಮ್ರಿ ಹೈಬ್ರಿಡ್‌ನದ್ದೇ ಕುಟುಂಬ. ಆಯಿಲ್ ಫಿಲ್ಟರ್, ಪ್ಲಗ್ ಥರದ್ದಕ್ಕೆ ಪರದಾಡಬೇಕಿಲ್ಲ. ಗಾಜು, ಬಂಪರ್, ಲೈಟ್, ಹಿಂದಿನ ಸಸ್ಪೆನ್ಷನ್ ಭಾಗ ಮಾತ್ರ ಹೊರಗಿಂದಲೇ ಬರಬೇಕು. ಶಿರಾಡಿಯಲ್ಲಿ ಲಾರಿ ಚಕ್ರದಿಂದ ಸಿಡಿದ ಒಂದು ಕಲ್ಲಿಗೆ ಮುಂದಿನ ಗಾಜು ಹೋದ್ರೆ, ಹೊಸದು ಬರೋವರೆಗೆ ಗಾಡಿ ಶೆಡ್ಡಲ್ಲೇ. ಆ ಗಾಜಿನ ಹಿಂದೆ ಕ್ಯಾಮರಾ ಇರೋದ್ರಿಂದ ಹಾಕಿದ ಮೇಲೆ ಕ್ಯಾಲಿಬ್ರೇಷನ್ ಬೇರೆ.

ಪೆಟ್ರೋಲ್: ಅಲ್ಲಿ ಇ-10 (ಶೇ 10 ಎಥೆನಾಲ್ ಬೆರೆಸಿದ್ದು), ಇಲ್ಲಿ ಇ-20. ಮುಚ್ಚಳದ ಒಳಗೆ ಏನು ಬರೆದಿದೆ ನೋಡಿ. ಇ-10 ಅಂತಷ್ಟೇ ಇದ್ರೆ ಮೈಲೇಜ್ ಸ್ವಲ್ಪ ಇಳಿಯುತ್ತೆ, ರಬ್ಬರ್ ಪೈಪು, ಸೀಲುಗಳನ್ನ ಆಗಾಗ ನೋಡ್ತಿರಬೇಕು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಅರ್ಧ ಖಾಲಿ ಟ್ಯಾಂಕ್ ಬಿಡಬೇಡಿ, ಎಥೆನಾಲ್ ಗಾಳಿಯ ತೇವ ಎಳ್ಕೊಳ್ಳುತ್ತೆ.

ಹಾಸನ_13

ಆರ್‌ಟಿಒ ಭಾಗ ಚಿಕ್ಕದು. ಮುಂಬೈಯಿಂದ ಓಡಿಸ್ಕೊಂಡು ಬರೋ ಬದಲು ಟ್ರಕ್ಕಲ್ಲಿ ಹಾಕಿಸಿ. ಬೀರೂರು, ಕಡೂರು ಮೇಲೆ ಬಂದ್ರೆ ಚಾರ್ಮಾಡಿ, ಶಿರಾಡಿ ಹತ್ತದೆ ಚಿಕ್ಕಮಗಳೂರು ತಲುಪುತ್ತೆ. ಫಾರಂ 20 (ರಿಜಿಸ್ಟ್ರೇಷನ್ ಅರ್ಜಿ), ಬಿಲ್ ಆಫ್ ಎಂಟ್ರಿ, ಕಸ್ಟಮ್ಸ್ ಕ್ಲಿಯರೆನ್ಸ್ ಪತ್ರ, ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ, ವಿ5ಸಿ, ಖರೀದಿ ಇನ್ವಾಯ್ಸ್, ಇನ್ಶೂರೆನ್ಸ್, ವಿಳಾಸದ ದಾಖಲೆ. ಆಮದು ಕಾರಿನ ರಿಜಿಸ್ಟ್ರೇಷನ್ ಫೀಸು 5,000 ರೂಪಾಯಿ, ಲೈಫ್ ಟ್ಯಾಕ್ಸ್ ಮುಂದೆ ಅದು ಲೆಕ್ಕಕ್ಕೇ ಇಲ್ಲ. ವಿಳಾಸದಲ್ಲಿ ಇಂಗ್ಲೆಂಡಿನದ್ದು ಬಿಟ್ಟು ಮೂಡಿಗೆರೆಯದ್ದು ಆಧಾರ್‌ನಲ್ಲಿ ಮೊದಲೇ ಬದಲಾಗಿರಲಿ.

ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳೋ ಜಾಗ ಚಾಸಿ ಪ್ರಿಂಟ್. ಇನ್‌ಸ್ಪೆಕ್ಟರ್ ನೋಡೋದು ಕಬ್ಬಿಣದ ಮೇಲೆ ಕೊರೆದ ನಂಬರ್, ಸ್ಟಿಕ್ಕರ್ ಅಲ್ಲ. ಎಷ್ಟೋ ಗಾಡಿಗಳಲ್ಲಿ ಅದು ಮುಂದಿನ ಸೀಟಿನ ಕೆಳಗೆ, ಕಾರ್ಪೆಟ್ಟಿನಲ್ಲಿ ಕತ್ತರಿಸಿದ ಒಂದು ಚಿಕ್ಕ ಮುಚ್ಚಳದ ಅಡಿ ಇರುತ್ತೆ. ಒಣಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಅಂಟಿಸಿ, ಪೆನ್ಸಿಲನ್ನ ಮಲಗಿಸಿ ಉಜ್ಜಿದ್ರೆ ಎಲ್ಲಾ ಅಕ್ಷರ ಸ್ಪಷ್ಟ ಬರಬೇಕು. ಅಲ್ಲೇ, ಇಂಗ್ಲೆಂಡಲ್ಲೇ ಒಂದು ಪ್ರಿಂಟ್ ತೆಗೆದು ನೋಡಿ. ತೇವಕ್ಕೆ ತುಕ್ಕು ಹಿಡಿದು ಒಂದು ಅಕ್ಷರ ಮಸುಕಾಗಿದ್ರೂ ಇಲ್ಲಿ ತಿಂಗಳುಗಟ್ಟಲೆ ಪತ್ರ ವ್ಯವಹಾರ. ಯಾವ ಕಾರಣಕ್ಕೂ ಉಪ್ಪುಕಾಗದ ಹಾಕಿ ಉಜ್ಜಬೇಡಿ, ತಿದ್ದಿದ ಗುರುತು ಅಂತ ಬರೀತಾರೆ.

ಮೂಡಿಗೆರೆ_ಮಳೆ

ಕಂಪನಿಯ ಉತ್ತರ ಬಂತು. ತಯಾರಾಗಿದ್ದು 2023ರ ನವೆಂಬರ್. ಸೀಟ್ ಬೆಲ್ಟ್ ಚೀಟಿಯಲ್ಲೂ ಅಕ್ಟೋಬರ್ ಅಂತಿದೆಯಂತೆ. ಭಾವನಿಗೆ ಕೆಲಸ ಬಿಡೋಕೆ ಆಗೋದು ನವೆಂಬರ್ ಕೊನೆಗೇ. ಇನ್ನೇನಾದ್ರೂ ದಾರಿ ಇದೆಯಾ?

ಬಂದರು_ಕಡತ

ಇಲ್ಲ. ನವೆಂಬರ್ 2026ರ ಒಳಗೆ ಗಾಡಿ ಮುಂಬೈಯಲ್ಲಿ ಇರಬೇಕು ಅಂತ ಹಿಂದಕ್ಕೆ ಎಣಿಸಿ. ಹಡಗುಗಳು ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತಿ ಬಂದ್ರೆ ಎರಡು ವಾರದಷ್ಟು ಹೆಚ್ಚು ಹಿಡಿಯುತ್ತೆ, ಅದಕ್ಕೂ ಮುಂಚೆ ಪರೀಕ್ಷೆ, ಕಂಟೇನರ್ ಬುಕಿಂಗ್. ಸೆಪ್ಟೆಂಬರ್ ಮೊದಲ ವಾರ ಹೊರಟ್ರೆ ಮಾತ್ರ ನೆಮ್ಮದಿ. ಆಗ ಭಾವ ಇನ್ನೂ ಅಲ್ಲೇ ಕೆಲಸದಲ್ಲಿ ಇರ್ತಾರೆ, ಕಾಯಂ ವಾಪಸಾತಿ ಅಂತ ತೋರಿಸೋಕೆ ಆಗಲ್ಲ. ಅಲ್ಲೇ ಮಾರಿಬಿಡಿ.

ಲೆಕ್ಕ_ಹಾಸನ

ಮಾರೋದಾದ್ರೆ ಆಗಸ್ಟ್ ಒಳಗೆ ಮಾತು ಮುಗಿಸಿ ಅಂತ ಭಾವನಿಗೆ ಹೇಳಿ. ಸೆಪ್ಟೆಂಬರ್ 1ಕ್ಕೆ ಹೊಸ ಪ್ಲೇಟ್ ಬಂದ ಕೂಡಲೇ ಹಳೇ ಗಾಡಿಗಳನ್ನ ಕೊಟ್ಟು ಹೊಸದು ತಗೊಳ್ಳೋರು ಜಾಸ್ತಿ, ಮಾರುಕಟ್ಟೆ ತುಂಬಿ ಬೆಲೆ ಜಗ್ಗುತ್ತೆ. ಆಮೇಲಿನ ಮೂರು ತಿಂಗಳಿಗೆ ಅಲ್ಲಿ ಬಾಡಿಗೆ ಕಾರು ಇಟ್ಕೊಂಡ್ರೂ ನಷ್ಟ ಇಲ್ಲ. ಪೂರ್ತಿ ಸರ್ವಿಸ್ ಪುಸ್ತಕ, ಎರಡೂ ಕೀ, ಕಂಪನಿಯ ವರ್ಷದ ಹೈಬ್ರಿಡ್ ಬ್ಯಾಟರಿ ತಪಾಸಣೆ ಪತ್ರ ಕೈಯಲ್ಲಿದ್ರೆ ಒಳ್ಳೇ ಬೆಲೆ ಬರುತ್ತೆ.